ಬರಿದಾಗಿ ಹೋದ ತಟ್ಟೆ

ಚಮಚ ಬಾಯಿಗಿಟ್ಟ ಕ್ಷಣವೇ ಜೊವೆಲಿನ್‌ಗೆ ಅದು ಯಾರ ಕೈರುಚಿ ಎಂದು ಗೊತ್ತಾಯಿತು.

ಮನಿಲಾ ಪಕ್ಕದ ಮಾರಿಕಿನಾದ ಆ ಚಪ್ಪಲಿ ಕಾರ್ಖಾನೆಯ ಹೆಂಗಸರೆಲ್ಲ ಹೊಲಿಗೆ ಬಿಟ್ಟು ಒಂದೇ ಮೇಜಿನ ಸುತ್ತ ಮುತ್ತಿಕೊಂಡಿದ್ದರು. ನಡುವೆ ಸಿಹಿ ತುಂಬಿದ ಚಿನ್ನದ ಬಣ್ಣದ ಪುಟ್ಟ ಡಬ್ಬಿ. ಮನಿಲಾಗೆ ಮನಿಲಾವೇ ಈಗ ಇದರ ಹಿಂದೆ ಬಿದ್ದಿತ್ತು. ಬೆಲೆ ಕೇಳಿದರೆ ತಲೆ ತಿರುಗುತ್ತಿತ್ತು. ಆದರೂ ಎಲ್ಲರೂ ಒಂದಿಷ್ಟು ದುಡ್ಡು ಹಾಕಿ, ಗ್ಲೆಂಡಾ ಅಕ್ಕನನ್ನು ಬೆಳ್ಳಂಬೆಳಗ್ಗೆ ಮಾಲ್‌ನ ಸಾಲಿನಲ್ಲಿ ನಿಲ್ಲಿಸಿ ತರಿಸಿದ್ದರು. ಫೋಟೋ ತೆಗೆದು ಆನ್‌ಲೈನ್‌ನಲ್ಲಿ ಹಾಕುವವರೆಗೆ ಯಾರೂ ಮುಟ್ಟುವಂತಿರಲಿಲ್ಲ.

"ತಲೆಗೆ ಒಂದೇ ಚಮಚ ಕಣ್ರೇ. ಇನ್ನೊಂದ್ಸಲ ಕೈ ಹಾಕಿದ್ರೆ ಬೆರಳು ಮುರೀತೀನಿ," ಎಂದಳು ಗ್ಲೆಂಡಾ.

"ಇಷ್ಟು ದುಡ್ಡು ಸುರಿದು ಒಂದು ಚಮಚಾನಾ ಅಕ್ಕ?" ಎಂದಳೊಬ್ಬಳು.

"ಮನೆ ಕಟ್ಟಕ್ಕಾಗಲ್ಲ, ಕಾರು ತಗೊಳ್ಳಕ್ಕಾಗಲ್ಲ. ದೊಡ್ಡೋರು ತಿನ್ನೋದನ್ನ ಒಂದು ಚಮಚ ತಿನ್ನಕ್ಕೂ ನಾವು ಲಾಯಕ್ಕಿಲ್ವಾ?"

ಎಲ್ಲರೂ ನಕ್ಕರು. ಜೊವೆಲಿನ್‌ಗೆ ನಗು ಬರಲಿಲ್ಲ.

ನೇರಳೆ ಗೆಣಸಿನ ಹಲ್ವದಂಥ ಹಲಾಯ, ಅದರ ಮೇಲೆ ಕಾಯಿಸಿ ಕೆಂಪಗಾದ ತೆಂಗಿನ ಹಾಲಿನ ಗಸಿ. ಅದು ಯಾರ ಮನೆಯಲ್ಲಾದರೂ ಇರುವಂಥದ್ದೇ. ಆದರೆ ಕೊನೆಯಲ್ಲಿ ನಾಲಿಗೆಯ ಬುಡದಲ್ಲಿ ಉಳಿದ ಆ ನಸುಗಹಿ ರುಚಿ... ಕಪ್ಪಗೆ ಹುರಿದ ಅಕ್ಕಿಯ ಪುಡಿ. ಅದು ಲೋಲಾ ಪಾಸಿಂಗ್ ಅವರದು. ಅವಳನ್ನು ಸಾಕಿ ಬೆಳೆಸಿದ ಅಜ್ಜಿಯದು.

ಅಜ್ಜಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಆ ಅಕ್ಕಿ ಪುಡಿಯ ಗುಟ್ಟನ್ನು ಜೊವೆಲಿನ್ ಒಬ್ಬನಿಗೆ ಮಾತ್ರ ಹೇಳಿದ್ದಳು. ಎಫ್ರೆನ್‌ಗೆ. ಡಿಸೆಂಬರಿನಲ್ಲಿ ಅವಳನ್ನು ಮದುವೆಯಾಗಬೇಕಿದ್ದವನಿಗೆ. ಮದುವೆಯ ನಂತರ ಇಬ್ಬರೂ ಸೇರಿ ಪುಟ್ಟ ಅಂಗಡಿ ಇಡಬೇಕು, ಅಲ್ಲಿ ಅಜ್ಜಿಯ ಹಲಾಯ ಮಾರಬೇಕು ಎಂದು ಕನಸು ಕಂಡಿದ್ದರು.

ಈ ಚಿನ್ನದ ಡಬ್ಬಿ ಬಂದದ್ದು ಎಫ್ರೆನ್ ಕೆಲಸ ಮಾಡುವ ಅಂಗಡಿಯಿಂದಲೇ. ಅದರ ಒಡತಿ ಚಾರಿಂಗ್, ಜೊವೆಲಿನ್‌ಳನ್ನು ದೀಕ್ಷಾಸ್ನಾನದಲ್ಲಿ ಎತ್ತಿಕೊಂಡಿದ್ದ ಧರ್ಮತಾಯಿ, ಅವಳ ಬಾಯಲ್ಲಿ 'ನಿನಾಂಗ್'. ಮದುವೆಗೂ ಅವರೇ ಹಿರಿಯರಾಗಿ ನಿಲ್ಲುವವರು. ಎಫ್ರೆನ್‌ಗೆ ಆ ಅಡುಗೆಮನೆಯಲ್ಲಿ ಕೆಲಸ ಕೊಡಿಸಿದವರೂ ಅವರೇ.

'ಒಡತಿಯನ್ನು ಮೆಚ್ಚಿಸಲು ನನ್ನ ಅಜ್ಜಿಯನ್ನೇ ಕೊಟ್ಟುಬಿಟ್ಟೆಯಾ ಎಫ್ರೆನ್?'

ಕಣ್ಣೀರು ಒರೆಸಿಕೊಳ್ಳಲು ಅವಳು ಶೌಚಾಲಯಕ್ಕೆ ಓಡಿದಳು.

ಜೊವೆಲಿನ್‌ಳ ಓಣಿಯಲ್ಲಿ ಯಾರ ಮನೆಯ ಪಾತ್ರೆಯೂ ಖಾಲಿಯಾಗಿ ವಾಪಸು ಹೋಗುವುದಿಲ್ಲ. ಏನೂ ಇಲ್ಲದಿದ್ದರೆ ಎರಡು ಬಾಳೆಹಣ್ಣಾದರೂ ಇಟ್ಟು ಕಳಿಸಬೇಕು. ಎಫ್ರೆನ್‌ನ ಮನೆಯ ಹಳೇ ಐಸ್‌ಕ್ರೀಂ ಡಬ್ಬಿಯೊಂದು ಹಾಗೇ ವರ್ಷಗಟ್ಟಲೆ ಎರಡೂ ಮನೆಗಳ ನಡುವೆ ಓಡಾಡಿತ್ತು. ಅಲ್ಲಿಂದ ಹುರಿದ ಮೀನು ಬಂದರೆ ಇಲ್ಲಿಂದ ಅಕ್ಕಿ ಕಡುಬು ಹೋಗುತ್ತಿತ್ತು. ಅವರಿಬ್ಬರ ಪ್ರೀತಿ ಶುರುವಾದದ್ದೂ ಆ ಡಬ್ಬಿಯಿಂದಲೇ.

ಅಂದು ಸಂಜೆ ಜೊವೆಲಿನ್ ಆ ಡಬ್ಬಿಯನ್ನು ತೊಳೆದು, ಒರೆಸಿ, ಎಫ್ರೆನ್‌ನ ಮನೆ ಬಾಗಿಲಿಗೆ ಹೋಗಿ ಅವನ ಕೈಗಿಟ್ಟಳು.

ಅವನು ನಗುತ್ತಲೇ ಮುಚ್ಚಳ ತೆಗೆದ. ನಗು ಅಲ್ಲೇ ನಿಂತುಹೋಯಿತು.

"ಜೊವಿ... ಖಾಲಿ ಇದೆ."

"ಹೌದು. ಖಾಲಿನೇ."

"ಯಾಕೆ ಅಂತನಾದ್ರೂ ಹೇಳು."

"ಚಿನ್ನದ ಡಬ್ಬೀಲಿರೋದು ಯಾರ ಕೈರುಚಿ ಅಂತ ನಿಂಗೆ ಗೊತ್ತಿಲ್ವಾ?"

ಅವನು ತಲೆ ತಗ್ಗಿಸಿದ. "ಗೊತ್ತು. ಮೊದಲ ದಿನಾನೇ ಗೊತ್ತಾಯ್ತು."

"ಗೊತ್ತಿದ್ದೂ ದಿನಾ ನನ್ ಮುಂದೆ ನಗ್ತಾ ಬಂದು ಕೂತ್ಕೊಳ್ತಿದ್ದೆ. ನಾಚಿಕೆ ಆಗ್ಲಿಲ್ವಾ?"

"ನನಗಾ ನಾಚಿಕೆ ಆಗ್ಬೇಕಿರೋದು? ನೀನು..." ಮಾತನ್ನು ಅರ್ಧಕ್ಕೇ ನುಂಗಿಕೊಂಡ. "ಹೋಗ್ಲಿ ಬಿಡು. ಮದುವೆ ವಿಷಯನೂ ಬಿಟ್ಟುಬಿಡೋಣ."

ಅವನು ಕಾಲು ಹಿಡಿಯುತ್ತಾನೆ ಎಂದುಕೊಂಡಿದ್ದಳು ಹುಚ್ಚಿ. ಅವನು ಬಾಗಿಲು ಹಾಕಿಕೊಂಡ. ಅವಳು ದಾರಿಯುದ್ದಕ್ಕೂ ಅಳುತ್ತ ಮನೆಗೆ ಬಂದಳು. ಮೋಸ ಮಾಡಿದವನೇ ಮುನಿಸಿಕೊಂಡರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಆಮೇಲಿನ ದಿನಗಳಲ್ಲಿ ಅವನು ಬರಲಿಲ್ಲ, ಇವಳೂ ಹೋಗಲಿಲ್ಲ. ಅನ್ನ ಸೇರಲಿಲ್ಲ. ಕೆಲಸಕ್ಕೆ ಹೋಗುವ ಜೀಪ್ನಿ ಬಸ್ಸಿನಲ್ಲಿ ಕೂತರೂ ಮಡಿಲಲ್ಲಿ ಚಿನ್ನದ ಡಬ್ಬಿ ಇಟ್ಟುಕೊಂಡ ಯಾರೋ ಒಬ್ಬರು ಎದುರಿಗೆ ಇದ್ದೇ ಇರುತ್ತಿದ್ದರು. ಮಗುವನ್ನು ಹಿಡಿದಂತೆ ಹುಷಾರಾಗಿ ಹಿಡಿದುಕೊಂಡಿರುತ್ತಿದ್ದರು. ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಭಾನುವಾರ ಚರ್ಚಿನ ಪೂಜೆ ಮುಗಿಸಿ ನಿನಾಂಗ್ ಚಾರಿಂಗ್ ನೇರವಾಗಿ ಅವಳ ಮನೆಗೇ ಬಂದರು. ಜೊವೆಲಿನ್ ಆಶೀರ್ವಾದಕ್ಕಾಗಿ ಅವರ ಕೈಯನ್ನು ಹಣೆಗೊತ್ತಿಕೊಂಡಳು. ಅವರ ಇನ್ನೊಂದು ಕೈಯಲ್ಲಿ ನೀಲಿ ಅಂಚಿನ ದೊಡ್ಡ ತಟ್ಟೆ, ಅದರ ತುಂಬ ಅದೇ ಹಲಾಯ.

"ಏನು ಮಗಳೇ ನಿಮ್ಮಿಬ್ಬರ ಕಥೆ? ಆ ಎಫ್ರೆನ್ ಕೆಲಸ ಬಿಟ್ಟು ಹೋದ. ಇಷ್ಟು ವ್ಯಾಪಾರ ಇರೋ ಹೊತ್ತಲ್ಲಿ ಕೈ ಕೊಟ್ಟ ನೋಡು."

"ಕೆಲಸ ಬಿಟ್ನಾ?"

"ಮೊದಲ ದಿನದಿಂದಲೂ ಮುಖ ಗಂಟು ಹಾಕ್ಕೊಂಡಿದ್ದ. 'ಇದನ್ನ ಜೊವಿ ನಿಮಗೆ ಕೊಟ್ಳಾ?' ಅಂತ ಕೇಳಿದ. ಹೌದಪ್ಪಾ, ಖುಷಿಯಾಗೇ ಕೊಟ್ಳು ಅಂದೆ."

"ನಾನು... ಯಾವಾಗ ಕೊಟ್ಟೆ ನಿನಾಂಗ್?"

"ಮರೆತೇ ಹೋಯ್ತಾ? ನಿಮ್ಮಜ್ಜಿ ಒಂಬತ್ತನೇ ದಿನದ ಪ್ರಾರ್ಥನೆಗೆ ನಾನು ಇದೇ ತಟ್ಟೇಲಿ ಶಾವಿಗೆ ತಂದಿದ್ದೆ. ನೀನು ಇದೇ ತಟ್ಟೆ ತುಂಬ ಹಲಾಯ ಹಾಕಿ ಕೊಟ್ಟೆ. ಏನಮ್ಮ ಈ ಘಮ ಅಂದೆ. ನೀನೇ ಅಳ್ತಾ ಎಲ್ಲಾ ಹೇಳಿದೆ."

ನೆನಪಾಯಿತು. ಮನೆ ತುಂಬ ಜನ. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು. ನಿನಾಂಗ್ ಬೆನ್ನು ಸವರುತ್ತಿದ್ದರು. ಅವರ ಹೆಗಲಿಗೊರಗಿ ಅವಳು ಅಜ್ಜಿಯ ಬಗ್ಗೆ ಹೇಳುತ್ತಲೇ ಹೋಗಿದ್ದಳು... ಅಕ್ಕಿ ಕಪ್ಪಾದರೂ ಸೀಯುವ ಮುಂಚೆ ಬಾಣಲೆ ಇಳಿಸುತ್ತಿದ್ದುದನ್ನೂ ಹೇಳಿದ್ದಳು.

"ಅಜ್ಜಿ ನೆನಪಾಗಿ ಹೇಳಿದ್ದು ನಿನಾಂಗ್. ಮಾರಿ ಅಂತ ಹೇಳಿದ್ದಲ್ಲ."

"ಅಯ್ಯೋ, ನಾನೇನು ಬೇರೆಯವಳಾ? ನಿನ್ನ ಮದುವೆ ಖರ್ಚೆಲ್ಲ ನನ್ನದೇ ಅಂತ ಹೇಳಿಲ್ವಾ?"

"ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ನೀನು ಬೇಡ ಅಂತಿದ್ದೆ," ಎಂದು ನಿನಾಂಗ್ ನಕ್ಕರು.

ಜೊವೆಲಿನ್ ನಗಲಿಲ್ಲ. ತಟ್ಟೆ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಹಲಾಯವನ್ನು ಬೇರೆ ಬೋಗುಣಿಗೆ ಹಾಕಿ ಅವರ ಮುಂದೆ ತಂದಿಟ್ಟಳು. ತಟ್ಟೆಯನ್ನು ತೊಳೆದು, ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವರಿಗೆ ಚಾಚಿದಳು.

ನಿನಾಂಗ್ ತಟ್ಟೆ ನೋಡಿದರು. ಅವಳ ಮುಖ ನೋಡಿದರು.

"ಬರೀ ತಟ್ಟೆ ಕೊಡ್ತಿದ್ದೀಯಾ ನನಗೆ?"

"ಹೌದು ನಿನಾಂಗ್. ಕೊಡಬೇಕಾದ್ದೆಲ್ಲ ಅವತ್ತೇ ಕೊಟ್ಟಾಯ್ತು. ಆ ಬೋಗುಣೀನೂ ತಗೊಂಡು ಹೋಗಿ. ಮದುವೆಗೆ ಹಿರಿಯರಾಗಿ ಬೇರೆ ಯಾರನ್ನಾದ್ರೂ ಕರೀತೀನಿ. ಮದುವೆ ಅಂತ ಆದ್ರೆ."

ನಿನಾಂಗ್ ತಟ್ಟೆ ತೆಗೆದುಕೊಂಡರು. ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಕೈಗಳವು. ಅವರು ಎದ್ದು ಹೋದ ಮೇಲೆ ಬಾಗಿಲಿಗೊರಗಿ ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಒಲೆ ಹಚ್ಚಿದಳು.

ಸಂಜೆ ಎಫ್ರೆನ್ ಮನೆ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಅವಳು ತನ್ನ ಮನೆಯ ಡಬ್ಬಿಯೊಂದನ್ನು ಅವನ ಪಕ್ಕದಲ್ಲಿಟ್ಟು, ತಾನೂ ಕೂತಳು.

"ನಾನೇ ನಿನಾಂಗ್‌ಗೆ ಹೇಳಿದ್ದೆ ಎಫ್ರೆನ್. ಅಜ್ಜಿ ಹೋದ ದುಃಖದಲ್ಲಿ ಬಾಯಿಬಿಟ್ಟಿದ್ದೆ. ನೆನಪೇ ಇರ್ಲಿಲ್ಲ. ನಿನ್ನ ಕಳ್ಳ ಅಂದ್ಕೊಂಡೆ."

"ನೀನೇ ಅವರಿಗೆ ಕೊಟ್ಟು ನನ್ನಿಂದ ಮುಚ್ಚಿಟ್ಟೆ ಅಂತ ನಾನಂದ್ಕೊಂಡೆ. ನಮ್ಮ ಅಂಗಡಿ ನಿನಗೆ ಬೇಡ್ವೇನೋ ಅನ್ನಿಸ್ತು. ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ ಕಾದೆ."

"ಕೇಳಬಾರ್ದಿತ್ತಾ ಪೆದ್ದ?"

"ನೀನು ಕೇಳಿದ್ಯಾ?"

ಅವಳು ಡಬ್ಬಿಯನ್ನು ಅವನ ಕಡೆ ಸರಿಸಿದಳು.

"ಕೆಲಸ ಯಾಕೆ ಬಿಟ್ಟೆ?"

"ಫೋಟೋಗೆ ಅಂತ ಬರೋರು ಬರ್ಲಿ ಬಿಡು. ಆದ್ರೆ ಕೆಲವರು ಒಂದು ಚಮಚ ತಿಂದು ಹಾಗೇ ನಿಂತುಬಿಡೋರು. 'ನಮ್ಮಜ್ಜಿ ಹೀಗೇ ಮಾಡ್ತಿದ್ರು' ಅಂತ ಕಣ್ಣೊರೆಸ್ಕೊಂಡು ಮತ್ತೆ ಸಾಲಿನ ಕೊನೇಲಿ ಹೋಗಿ ನಿಲ್ಲೋರು. ಅಷ್ಟು ದುಡ್ಡು ಕೊಟ್ಟು ಜನ ಅಜ್ಜೀನ ಹುಡುಕ್ತಿದ್ರು ಜೊವಿ. ನಾನು ಲೋಲಾನ ತೂಕ ಮಾಡಿ ಮಾರ್ತಿದ್ದೀನಿ ಅನ್ನಿಸ್ತು... ಆಗ್ಲಿಲ್ಲ."

ಜೊವೆಲಿನ್ ಅವನ ತೋಳಿಗೆ ತಲೆಯಾನಿಸಿದಳು. ಅವನು ಡಬ್ಬಿ ತೆರೆದು, ಬೆರಳಲ್ಲೇ ಹಲಾಯ ತೆಗೆದು ಬಾಯಿಗಿಟ್ಟುಕೊಂಡ.

"ಅಕ್ಕಿ ಸ್ವಲ್ಪ ಸೀದಿದೆ."

"ಅಳ್ತಾ ಹುರಿದ್ರೆ ಇನ್ನೇನಾಗುತ್ತೆ?"

ಅವನು ನಕ್ಕ. ಎಷ್ಟೋ ದಿನಗಳ ಮೇಲೆ ಅವಳೂ ನಕ್ಕಳು.

"ತಿಂದಾದ್ಮೇಲೆ ನಮ್ಮ ಡಬ್ಬಿ ವಾಪಸ್ ಕೊಡ್ಬೇಕು. ತುಂಬಿಸಿ," ಎಂದಳು.

"ಕೊಡಲ್ಲ."

"ಯಾಕೆ?"

ಅವನು ಮುಚ್ಚಳ ಹಾಕಿ ಡಬ್ಬಿಯನ್ನು ಎದೆಗವಚಿಕೊಂಡ. "ಡಿಸೆಂಬರಲ್ಲಿ ಇದರ ಹಿಂದೇನೇ ನೀನೂ ನಮ್ಮನೇಗೆ ಬರ್ತೀಯಲ್ಲ."