ಹದಿನಾರನೇ ಸಮಾಧಿಯ ಗೌರಿ ಹೂ

೨೦೨೫ರ ಅಕ್ಟೋಬರ್ ೧೪, ಮಂಗಳವಾರ, ಬೆಳಗ್ಗೆ ೮.೪೦. ನೆಕ್ರಾಜೆ ಗುಡ್ಡದ ಮೇಲಿನ ಹಳೆಯ ಇಗರ್ಜಿಯ ಕಾರ್ಯದರ್ಶಿ ಸಿಲ್ವೆಸ್ಟರ್ ಕ್ರಾಸ್ತಾ ಏದುಸಿರು ಬಿಡುತ್ತ ಠಾಣೆಗೆ ಬಂದರು. ಕೂರಿ ಎಂದರೆ ಕೂರಲಿಲ್ಲ.

"ಮೇಡಂ, ನಮ್ಮಲ್ಲಿ ಯಾರೋ ಸಮಾಧಿ ಅಗೆದಿದ್ದಾರೆ. ಮಾಟಕ್ಕೆ ಎಲುಬು ಕದ್ದದ್ದೇ ಸೈ. ಇಗರ್ಜಿಯ ಎದುರು ಜನ ಸೇರಿದ್ದಾರೆ."

ಇನ್ಸ್‌ಪೆಕ್ಟರ್ ವಸುಮತಿ ದೂರು ಬರೆಸಿಕೊಂಡರು. ೯.೧೫ಕ್ಕೆ ಎಫ್‌ಐಆರ್ ದಾಖಲಾಯಿತು: ಸಮಾಧಿ ಸ್ಥಳಕ್ಕೆ ಅತಿಕ್ರಮ ಪ್ರವೇಶ, ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ ೩೦೧. ದೊಡ್ಡ ಅಪರಾಧವೇನಲ್ಲ. ಆದರೆ ಮಾಟ ಎಂಬ ಒಂದು ಶಬ್ದ ಊರಲ್ಲಿ ಬಿದ್ದರೆ ಸಾಕು, ಸಂಜೆಯೊಳಗೆ ಯಾವನಾದರೂ ಬಡಪಾಯಿಗೆ ಪೆಟ್ಟು ಬಿದ್ದಿರುತ್ತದೆ. ವಸುಮತಿ ಅದನ್ನು ಕಣ್ಣಾರೆ ಕಂಡವರು. ನಿವೃತ್ತಿಗೆ ಐದು ತಿಂಗಳು ಬಾಕಿಯಿದ್ದ ಹೆಡ್ ಕಾನ್‌ಸ್ಟೆಬಲ್ ಕುಂಞ ಅವರನ್ನೂ ಕ್ರಾಸ್ತಾರನ್ನೂ ಕರೆದುಕೊಂಡು ಜೀಪು ಹತ್ತಿದರು.

ಸುತ್ತಲಿನ ಗುಡ್ಡವೆಲ್ಲ ರಬ್ಬರ್ ತೋಟವಾಗಿದೆ. ಸಮಾಧಿಗಳ ಗೋಡೆಯೊಳಗಿನ ಅರ್ಧ ಎಕರೆ ಮಾತ್ರ ಹಳೆಯ ಗುಡ್ಡವಾಗಿಯೇ ಉಳಿದಿತ್ತು: ಕೇಪಳ, ಕುಂಟಲದ ಪೊದೆಗಳು, ಮೊಣಕಾಲೆತ್ತರದ ಮುಳಿಹುಲ್ಲು. ಇವರು ಕಾಲಿಟ್ಟದ್ದೇ ಟಿಟ್ಟಿಭ ಹಕ್ಕಿಯೊಂದು ತಲೆಯ ಮೇಲೆ ಸುತ್ತುತ್ತ ಬೈಯತೊಡಗಿತು. ಮುರಿದ ಶಿಲುಬೆಯೊಂದರ ಹಿಂದಿನಿಂದ ಮುಂಗುಸಿ ಇಣುಕಿ ನೋಡಿ ಒಳಗೆ ಸರಿಯಿತು.

"ಸತ್ತವರ ಪುಣ್ಯ ಮೇಡಂ," ಎಂದರು ಕುಂಞ. "ಇಲ್ಲದಿದ್ದರೆ ಇವಕ್ಕೆ ಈಗ ಜಾಗ ಎಲ್ಲಿ ಉಂಟು?"

ಹದಿನಾರನೇ ನಂಬರಿನ ಸಮಾಧಿಯ ತಲೆಯ ಕಡೆ ಗುಂಡಿಯಿತ್ತು. ಆಳ ಒಂದಡಿ. ವಸುಮತಿ ಕೈ ಹಾಕಿ ನೋಡಿದರು.

"ನೀವು ಎಷ್ಟು ಆಳದಲ್ಲಿ ಹೂಳುವುದು?"

"ಐದಡಿ," ಎಂದರು ಕ್ರಾಸ್ತಾ.

"ಹಾಗಾದರೆ ಎಲುಬು ಹೋಗಲಿಲ್ಲ. ಹೋದದ್ದು ಎಂತ?"

ಕುಂಞ ಬಗ್ಗಿ ಒಂದು ಎಲೆ ಎತ್ತಿದರು. ಎಲೆಯ ತುದಿ ಸುರುಳಿ ಸುತ್ತಿಕೊಂಡಿತ್ತು. ಪಕ್ಕದಲ್ಲಿ ಕೆಂಪು ಹಳದಿಯ ಒಂದು ಎಸಳು.

"ಗೌರಿ ಹೂ. ಗೆಡ್ಡೆ ಸಮೇತ ಎಬ್ಬಿಸಿದ್ದಾರೆ."

ಹುಲ್ಲಿನೊಳಗೆ ಮಸಿ ಹಿಡಿದ ಮಣ್ಣಿನ ಹಣತೆಯೂ ಸಿಕ್ಕಿತು.

"ಇಲ್ಲಿ ಎಣ್ಣೆ ದೀಪ ಇಡುತ್ತೀರಾ?"

"ಇಲ್ಲ ಮೇಡಂ. ನಮ್ಮದು ಮೊಂಬತ್ತಿ."

"ಈ ಹುಲ್ಲು ತೆಗೆಯುವುದು ಯಾವಾಗ?"

"ನಾಳೆ ಮದ್ದು ಹೊಡೆಯುವುದು. ನವೆಂಬರ್ ಎರಡಕ್ಕೆ ಸತ್ತವರ ಹಬ್ಬ, ಅಷ್ಟರಲ್ಲಿ ಎಲ್ಲ ಒಣಗಬೇಕಲ್ಲ. ಗೇಟಿಗೆ ನೋಟಿಸ್ ಹಾಕಿ ವಾರ ಆಯಿತು."

೧೦.೩೦ಕ್ಕೆ ಇಬ್ಬರು ಸಾಕ್ಷಿಗಳ ಎದುರು ಸ್ಥಳದ ಮಹಜರು ಮುಗಿಯಿತು. ಇಗರ್ಜಿಯ ಪುಸ್ತಕ ತರಿಸಿ ನೋಡಿದರೆ, ಹದಿನಾರರಲ್ಲಿ ಇದ್ದವರು ಜುವಾಂವ್ ಎಂಬ ಅಜ್ಜ, ೧೯೯೮ರಲ್ಲಿ ತೀರಿಕೊಂಡವರು, ಹಿಂದೆ ಮುಂದೆ ಯಾರೂ ಇಲ್ಲ. ಅವರಿಗೆ ಎಣ್ಣೆ ದೀಪ ಇಡುವವರು ಯಾರು? ವಸುಮತಿಯ ಬೆರಳು ಮೇಲಿನ ಸಾಲಿಗೆ ಹೋಯಿತು. ಹದಿನೈದು: ಮರಿಯಾ ಮೋಕ್ಷಿತಾ, ೨೬ ವರ್ಷ, ಮೇ ೨೦೧೮.

"ಮೋಕ್ಷಿತಾ?"

"ಬೆಳ್ಳೂರಿನ ತುಳುವರ ಹುಡುಗಿ. ನಮ್ಮ ಹುಡುಗನನ್ನು ಮೆಚ್ಚಿ ಮದುವೆಯಾದಳು. ಮೂರೇ ವರ್ಷ, ಜಾಂಡೀಸಿನಲ್ಲಿ ಹೋದಳು ಪಾಪ. ಗಂಡ ಮಗುವನ್ನು ಕರೆದುಕೊಂಡು ಕುವೈಟಿಗೆ ಹೋದ."

"ತಾಯಿ?"

"ಸುಂದರಿ ಅಂತ, ಬೀಡಿ ಕಟ್ಟುವವಳು. ಮದುವೆಯ ದಿನದಿಂದ ಮಗಳಲ್ಲಿ ಮಾತು ಬಿಟ್ಟಿದ್ದಳು. ಮಣ್ಣು ಹಾಕಲು ಬಂದಿದ್ದಳು. ಆಮೇಲೆ ನಾನು ಕಾಣಲಿಲ್ಲ."

ಮಧ್ಯಾಹ್ನ ೧೨.೫೦, ಬೆಳ್ಳೂರು. ಸುಂದರಿ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಜೀಪು ಕಂಡದ್ದೇ ಗೆರಸೆಯನ್ನು ಪಕ್ಕಕ್ಕಿಟ್ಟು ಎದ್ದು ನಿಂತರು. ಓಡಲಿಲ್ಲ, ಅಡಗಲಿಲ್ಲ. ಅಂಗಳದ ಮೂಲೆಯಲ್ಲಿ ಹೊಸ ಕೆಂಪು ಮಣ್ಣಿನ ದಿಬ್ಬ, ಅದರ ಮೇಲೆ ಕೋಲಿಗೆ ಕಟ್ಟಿ ನಿಲ್ಲಿಸಿದ ಗೌರಿ ಹೂವಿನ ಬಾಡಿದ ಬಳ್ಳಿ. ತುಳುವರು ತಮ್ಮವರನ್ನು ಸುಟ್ಟ ಜಾಗದಲ್ಲಿ ಮಣ್ಣು ಒಟ್ಟಿ ಗಿಡ ನೆಡುತ್ತಾರೆ, ಅದಕ್ಕೆ ದೂಪೆ ಎನ್ನುತ್ತಾರೆ. ಕುಂಞ ಟೋಪಿ ತೆಗೆದರು.

"ಇದು ಯಾರ ದೂಪೆ ಸುಂದರಿಯಕ್ಕ?" ವಸುಮತಿ ಕೇಳಿದರು.

"ನನ್ನ ಮಗಳದ್ದು."

"ಯಾವಾಗ ಮಾಡಿದ್ದು?"

"ನಿನ್ನೆ."

"ಮಣ್ಣು ಎಲ್ಲಿಯದು?"

"ಅವಳಲ್ಲಿಂದ ತಂದದ್ದು. ಒಂದೇ ಬುಟ್ಟಿ. ಎಲುಬು ಮುಟ್ಟಲಿಲ್ಲ ಮೇಡಂ, ದೈವದ ಆಣೆ."

"ಯಾಕೆ ತಂದದ್ದು?"

"ಮರದ ಶಿಲುಬೆಯನ್ನು ಒರಲೆ ತಿಂದಿತು. ಆ ಹೂವೊಂದೇ ಗುರುತು. ಅವಳಿಗೆ ಮಣ್ಣು ಹಾಕಿದ ವರ್ಷ ನಾನೇ ನೆಟ್ಟದ್ದು. ಬೇಸಗೆಯಲ್ಲಿ ಒಣಗಿ ಹೋಗುತ್ತದೆ, ಮಳೆಗೆ ಪುನಃ ಬರುತ್ತದೆ. ಮದ್ದು ಹೊಡೆದರೆ ಗೆಡ್ಡೆಯೇ ಸಾಯುವುದಲ್ವಾ? ಮತ್ತೆ ಅವಳನ್ನು ಎಲ್ಲಿ ಅಂತ ಹುಡುಕಲಿ?"

"ಇಗರ್ಜಿಯವರಲ್ಲಿ ಕೇಳಬಹುದಿತ್ತಲ್ಲ?"

"ಬದುಕಿದ್ದಾಗ ಮೂರು ವರ್ಷ ಮಾತಾಡದವಳು ನಾನು. ಯಾವ ಬಾಯಲ್ಲಿ ಕೇಳಲಿ?"

ನೆರೆಯ ಇಬ್ಬರ ಎದುರು ದೂಪೆ ಬಿಡಿಸಲಾಯಿತು. ಹಾರೆ ಬೇಡವೆಂದು ಕುಂಞ ಕೈಯಲ್ಲೇ ಬಿಡಿಸಿದರು. ಎಲುಬಿರಲಿಲ್ಲ. ಮಣ್ಣು, ಗೆಡ್ಡೆಗಳು ಗೋಣಿಗೆ ಬಿದ್ದು ತೊಂಡಿ, ಅಂದರೆ ಕೇಸಿನ ಸಾಕ್ಷ್ಯದ ಸಾಮಾನುಗಳಾದವು. ಸುಂದರಿ ಅಷ್ಟು ಹೊತ್ತೂ ಗೋಡೆಗೆ ಮುಖ ಮಾಡಿ ನಿಂತಿದ್ದರು. ಕುಂಞ ಒಂದು ಗೆಡ್ಡೆಯನ್ನು ತಿರುಗಿಸಿ ನೋಡಿ ವಸುಮತಿಯ ಹತ್ತಿರ ಬಂದರು.

"ಮೇಡಂ, ಇದು ನೆಟ್ಟಲ್ಲಿ ನಿಲ್ಲುವ ಜಾತಿ ಅಲ್ಲ. ಹಳೆಯ ಗೆಡ್ಡೆ ಸಾಯುತ್ತದೆ, ಅದರ ತುದಿಯಲ್ಲಿ ಹೊಸತು ಹುಟ್ಟುತ್ತದೆ. ವರ್ಷಕ್ಕೆ ಒಂದು ಗೇಣಾದರೂ ನಡೆಯುತ್ತದೆ."

ನೆಟ್ಟು ಏಳು ವರ್ಷ, ಏಳು ಗೇಣು. ಹದಿನೈದರಿಂದ ಹದಿನಾರಕ್ಕೆ ಅಷ್ಟೇ ದೂರ.

೩.೧೦ಕ್ಕೆ ಠಾಣೆಯಲ್ಲಿ ಬಂಧನ ದಾಖಲಾಯಿತು. ಬಂಧನದ ಕಾರಣವನ್ನು ಆರೋಪಿಗೆ ಓದಿ ಹೇಳಬೇಕು, ಕಾನೂನು ಹಾಗಿದೆ.

"ಆ ಸಮಾಧಿಯ ನಂಬರು ಒಂದು ಬಿಟ್ಟುಬಿಡಿ ಮೇಡಂ," ಎಂದರು ಕುಂಞ ಮೆಲ್ಲಗೆ.

ಬಿಡಬೇಕೆಂದು ವಸುಮತಿಗೂ ಇತ್ತು. ಆದರೆ ಮುಂದೊಂದು ದಿನ ಕೋರ್ಟಿನಲ್ಲಿ ನೂರು ಜನರ ಎದುರು ಕೇಳುವುದಕ್ಕಿಂತ ಇಲ್ಲೇ ಕೇಳಲಿ ಎಂದು ಓದಿದರು. ಸಮಾಧಿ ಸಂಖ್ಯೆ ಹದಿನಾರು, ಜುವಾಂವ್. ಹೂ ನಡೆದ ಕತೆಯನ್ನೂ ಹೇಳಿದರು.

"ಹಾಗಾದರೆ ಇಷ್ಟು ವರ್ಷ ನಾನು ದೀಪ ಇಟ್ಟದ್ದು ಯಾವುದೋ ಅಜ್ಜನಿಗಾ?" ಎಂದು ಕೇಳಿ ಸುಂದರಿ ಬಂಧನದ ಮೆಮೊಗೆ ಸಹಿ ಹಾಕಿದರು.

ಜಾಮೀನು ಠಾಣೆಯಲ್ಲೇ ಆಯಿತು. ೪.೩೦ಕ್ಕೆ ಸ್ಥಳ ತೋರಿಸಲೆಂದು ಅವರನ್ನು ಗುಡ್ಡಕ್ಕೆ ಕರೆದೊಯ್ದರು. ನಕ್ಷೆಯ ಕಾಗದ ಹಿಡಿದು ವಸುಮತಿ ಕೇಳಿದರು:

"ದೀಪ ಇಡುವಾಗ ನೀವು ಎಲ್ಲಿ ಕೂರುತ್ತಿದ್ದದ್ದು?"

ಗುಂಡಿಯ ಈಚೆ ಹುಲ್ಲು ಮಲಗಿ ಒಂದು ಚಾಪೆಯಷ್ಟು ಜಾಗ ನುಣುಪಾಗಿತ್ತು. ಸುಂದರಿ ಅದನ್ನು ತೋರಿಸಿದರು.

"ಅಕ್ಕ," ಎಂದರು ಕುಂಞ, "ಅದೇ ಹದಿನೈದು."

ಸುಂದರಿ ಚಪ್ಪಲಿ ಕಳಚಿ ಅಲ್ಲೇ ಕುಸಿದು ಕುಳಿತರು. ಎರಡೂ ಕೈಯಲ್ಲಿ ಆ ನುಣುಪು ನೆಲವನ್ನು ಸವರಿದರು. "ಇಷ್ಟು ಹತ್ತಿರ ಕೂತಿದ್ದೆನಲ್ಲ ಮಗಾ," ಎಂದರು. "ಅಮ್ಮಾ, ಇಲ್ಲಿದ್ದೇನೆ ಅಂತ ಒಂದು ಮಾತು ಹೇಳಲಿಕ್ಕಾಗಲಿಲ್ಲವಾ ನಿನಗೆ? ನೀನೂ ಮಾತು ಬಿಟ್ಟೆಯಾ?"

ಟಿಟ್ಟಿಭ ಇನ್ನೂ ಬೈಯುತ್ತಲೇ ಇತ್ತು. ಗೇಟಿನ ಬಳಿ ನಿಂತು ನೋಡುತ್ತಿದ್ದ ಕ್ರಾಸ್ತಾ ಅಲ್ಲಿನ ನೋಟಿಸನ್ನು ಹರಿದು ಜೇಬಿಗೆ ಹಾಕಿಕೊಂಡರು. "ಮದ್ದು ಬೇಡ ಮೇಡಂ. ಕತ್ತಿಯಲ್ಲೇ ಕಡಿಸುವ," ಎಂದರು.

ರಾತ್ರಿಯೊಳಗೆ ಕಡತ ಸಿದ್ಧವಾಗಬೇಕಿತ್ತು. ಅಪರಾಧದ ಉದ್ದೇಶ ಎಂಬಲ್ಲಿ ವಸುಮತಿ ಎರಡು ಸಲ ಬರೆದು ಹೊಡೆದು ಹಾಕಿದರು. ಕೊನೆಗೆ, ಮಗಳನ್ನು ಮನೆಗೆ ಕರೆದುಕೊಂಡು ಹೋಗುವುದು ಎಂದು ಬರೆದು ಸಹಿ ಹಾಕಿದರು.