ಬ್ಯಾಂಡ್ ಮಾಸ್ತರ ಕೆಳಗಿನ ದವಡೆ

ಬ್ಯಾಂಡ್ ಮಾಸ್ತರ ಹಲ್ಲಿಗೆ ಕಂಪ್ಯೂಟರಿನಲ್ಲಿ ಜಾಗ ಸಾಲಲಿಲ್ಲ.

ಅಮ್ಮ ಸೇವ್ ಒತ್ತಿದಳು. ಪರದೆಯ ಮೇಲೆ ಒಂದು ಕೆಂಪು ಪಟ್ಟಿ ಬಂದು, ಡಿಸ್ಕ್ ತುಂಬಿದೆ ಎಂದಿತು. ಮತ್ತೊಮ್ಮೆ ಒತ್ತಿದಳು. ಪಟ್ಟಿ ಮತ್ತೊಮ್ಮೆ ಅದನ್ನೇ ಹೇಳಿತು. ಮೂರನೆಯ ಸಲ ಅಮ್ಮ ಮೌಸನ್ನು ಮೇಜಿಗೆ ಕುಟ್ಟಿದಳು. ಕಂಪ್ಯೂಟರ್ ಜಪ್ಪಯ್ಯ ಅನ್ನಲಿಲ್ಲ.

ಪಕ್ಕದಲ್ಲಿ ತಿರುಗುವ ಕುರ್ಚಿಯ ಮೇಲೆ ಕುಳಿತು ಗರಗರ ಸುತ್ತುತ್ತಿದ್ದವಳು ಮಗಳು. ನಿಂತಲ್ಲಿ ನಿಲ್ಲುವವಳಲ್ಲ, ಕೂತಲ್ಲಿ ಕೂರುವವಳಲ್ಲ. ಅದಕ್ಕೇ ಮನೆಯಲ್ಲೂ ಶಾಲೆಯಲ್ಲೂ ಅವಳಿಗೆ ಗಿರಗಿಟ್ಲೆ ಎಂದೇ ಹೆಸರು.

ಅಮ್ಮನ ಕೆಲಸ ಹಲ್ಲು ಮಾಡುವುದು. ಹಲ್ಲಿನ ಡಾಕ್ಟರು ಗಿರಾಕಿಯ ಬಾಯಿಯೊಳಗೆ ಪುಟ್ಟ ಕ್ಯಾಮೆರಾ ಆಡಿಸಿ ಅಳತೆ ತೆಗೆದು ಕಳಿಸುತ್ತಾರೆ. ಅಮ್ಮ ಅದನ್ನು ಕಂಪ್ಯೂಟರಿನಲ್ಲಿ ತೆರೆದು, ಇಲ್ಲದ ಹಲ್ಲಿನ ಚಿತ್ರ ಬಿಡಿಸುತ್ತಾಳೆ. ಆಮೇಲೆ ಮೂಲೆಯಲ್ಲಿರುವ ಮಷೀನು ಗುಂಯ್ ಎನ್ನುತ್ತ ಆ ಹಲ್ಲನ್ನು ಕೆತ್ತಿಕೊಡುತ್ತದೆ. ಐದು ವರ್ಷಗಳಲ್ಲಿ ನೂರಾರು ಬಾಯಿಗಳು ಕಂಪ್ಯೂಟರಿನ ಹೊಟ್ಟೆ ಸೇರಿದ್ದವು. ಯಾರ ಹಲ್ಲು ಯಾವಾಗ ಮುರಿಯುತ್ತದೋ ಎಂದು ಅಮ್ಮ ಒಂದನ್ನೂ ಬಿಸಾಡಿರಲಿಲ್ಲ.

ಹೋದ ವಾರ ಟೈ ಕಟ್ಟಿಕೊಂಡವರೊಬ್ಬರು ಬಂದು, ಬೀರುವಿನಷ್ಟು ದೊಡ್ಡ ಪೆಟ್ಟಿಗೆಯ ಚಿತ್ರ ತೋರಿಸಿದ್ದರು. ಇದನ್ನು ಕೊಂಡರೆ ಇಡೀ ಊರಿನ ಹಲ್ಲಿನ ಫೈಲು ಇಡಬಹುದು ಎಂದಿದ್ದರು. ಅದರ ಬೆಲೆ ಕೇಳಿ ಅಮ್ಮನ ಬಾಯಿ ಎಷ್ಟು ದೊಡ್ಡದಾಗಿ ತೆರೆಯಿತೆಂದರೆ, ಗಿರಗಿಟ್ಲೆಗೆ ಅವಳ ಕಡೆಯ ದವಡೆಹಲ್ಲೂ ಕಂಡಿತ್ತು.

ಈಗ ಬಂದದ್ದು ಅವಸರದ ಕೆಲಸ. ಡಾಕ್ಟರು ಕಳಿಸಿದ ಅಳತೆ ಹೇಗೋ ಕಂಪ್ಯೂಟರಿನಲ್ಲಿ ಹಿಡಿಸಿತ್ತು, ಅಮ್ಮ ಬಿಡಿಸುವ ಹಲ್ಲಿಗೆ ಮಾತ್ರ ಜಾಗವಿರಲಿಲ್ಲ. ಶನಿವಾರ ಶಾಲೆಗಳ ಬ್ಯಾಂಡ್ ಸ್ಪರ್ಧೆ. ಮೊದಲು ಮಾಸ್ತರು ಟ್ರಂಪೆಟ್ ಊದಬೇಕು, ಆಮೇಲೆ ಮಕ್ಕಳೆಲ್ಲ ಸೇರಬೇಕು. ದೊಡ್ಡ ಹಿತ್ತಾಳೆ ತಟ್ಟೆಗಳೆರಡನ್ನು ಝಣ್ ಎಂದು ಬಡಿಯುವವಳು ನಮ್ಮ ಗಿರಗಿಟ್ಲೆ. ಆದರೆ ತಿಂಗಳ ಹಿಂದೆ ಮಾಸ್ತರು ಸೈಕಲ್ಲಿನಿಂದ ಬಿದ್ದು ಕೆಳಗಿನ ನಾಲ್ಕು ಹಲ್ಲು ಕಳೆದುಕೊಂಡಿದ್ದರು. ಹಲ್ಲಿಲ್ಲದೆ ಊದಿದರೆ ಬರೀ ಗಾಳಿ. ಶುಕ್ರವಾರ ಸಂಜೆಯೊಳಗೆ ಹಲ್ಲು ತಯಾರಾಗದಿದ್ದರೆ ಬ್ಯಾಂಡೇ ಇಲ್ಲ. ಇವತ್ತು ಗುರುವಾರ.

ಅಷ್ಟರಲ್ಲಿ ಇನ್ನೊಂದು ಆಸ್ಪತ್ರೆಯಿಂದ ಫೋನ್ ಬಂತು. ಅಜ್ಜಿಯೊಬ್ಬರು ಬಾಯಿ ತೆರೆದುಕೊಂಡು ಕುರ್ಚಿಯಲ್ಲಿ ಕಾಯುತ್ತಿದ್ದಾರಂತೆ, ಅವರ ಹಲ್ಲಿನ ಸೆಟ್ ಬೇಗ ತನ್ನಿ ಎಂದರು ಅಲ್ಲಿನವರು. ಅಮ್ಮ ಚಪ್ಪಲಿ ಮೆಟ್ಟುತ್ತಲೇ ಮಗಳಿಗೆ ಕೆಲಸ ಒಪ್ಪಿಸಿದಳು.

"ಒಂದೇ ಫೈಲು ಎರಡೆರಡು ಸಲ ಇದ್ರೆ ಒಂದನ್ನ ತೆಗೆದುಹಾಕು. ಕಸದ ಬುಟ್ಟೀನೂ ಖಾಲಿ ಮಾಡು, ಇಲ್ಲಾಂದ್ರೆ ಜಾಗ ಆಗಲ್ಲ. ಅರ್ಧ ಗಂಟೇಲಿ ಬಂದೆ."

ಗಿರಗಿಟ್ಲೆಗೆ ಸ್ವರ್ಗವೇ ಕೈಗೆ ಸಿಕ್ಕಂತಾಯಿತು. ಕಂಪ್ಯೂಟರ್ ಮುಟ್ಟಬೇಡ ಎಂದು ಬೆಳಗಿನಿಂದ ರಾತ್ರಿವರೆಗೆ ಬೈಯುವ ಅಮ್ಮನೇ, ಅಳಿಸು ಎಂದು ಹೇಳಿ ಹೋಗಿದ್ದಾಳೆ!

ಅಮ್ಮನಿಗೆ ಗಿರಾಕಿಗಳ ಹೆಸರು ನೆನಪಿರುವುದಿಲ್ಲ. ಫೈಲಿಗೆಲ್ಲ ಅವರವರ ಕೆಲಸದ ಹೆಸರಿಟ್ಟಿದ್ದಳು. ಬೇಕರಿ ಅಜ್ಜ ಫೈನಲ್, ಬೇಕರಿ ಅಜ್ಜ ಹೊಸ ಫೈನಲ್, ಬೇಕರಿ ಅಜ್ಜ ಇದೇ ಫೈನಲ್. ಗಿರಗಿಟ್ಲೆ ಇದೇ ಫೈನಲ್ ಉಳಿಸಿಕೊಂಡು ಮಿಕ್ಕಿದ್ದನ್ನು ಅಳಿಸಿದಳು. ಕೆಂಪು ಪಟ್ಟಿ ಚೂರು ಚಿಕ್ಕದಾಯಿತು. ಅವಳಿಗೆ ಕಚಗುಳಿ ಇಟ್ಟಂತಾಯಿತು.

ಕೆಳಗೆ ಹೋದರೆ ಇನ್ನೂ ಸುಲಭದ ಬೇಟೆ ಸಿಕ್ಕಿತು. ಬಸ್ ಕಂಡಕ್ಟರ್ 1, ಬಸ್ ಕಂಡಕ್ಟರ್ 2. ಹೊಲಿಗೆ ಅತ್ತೆ 1, ಹೊಲಿಗೆ ಅತ್ತೆ 2. ಎಲ್ಲರೂ ಎರಡೆರಡು. ಅಮ್ಮನಿಗೆ ಬುದ್ಧಿಯೇ ಇಲ್ಲ ಎಂದುಕೊಂಡು ಗಿರಗಿಟ್ಲೆ 2 ಎಂದಿದ್ದ ಫೈಲುಗಳನ್ನೆಲ್ಲ ಅಳಿಸತೊಡಗಿದಳು. ಒಂದು ಫೈಲು ಅಳಿಸಿ ಕುರ್ಚಿಯಲ್ಲಿ ಒಂದು ಸುತ್ತು, ಇನ್ನೊಂದು ಫೈಲು ಅಳಿಸಿ ಇನ್ನೊಂದು ಸುತ್ತು. ತಲೆಯೂ ಸುತ್ತಿತು, ನಗುವೂ ಬಂತು. ಕೆಂಪು ಪಟ್ಟಿ ಹಳದಿಯಾಯಿತು, ಹಳದಿ ಹಸಿರಾಯಿತು. ಕೊನೆಗೆ ಕಸದ ಬುಟ್ಟಿ ಖಾಲಿ ಮಾಡಿ, ಎರಡೂ ಕೈ ಕೊಡವಿದಳು.

ಬಂದ ಅಮ್ಮ ಹಸಿರು ಪಟ್ಟಿ ನೋಡಿ ಮಗಳ ತಲೆ ಸವರಿ, ಬ್ಯಾಂಡ್ ಮಾಸ್ತರ ಫೈಲು ತೆರೆದಳು. ಪರದೆಯ ನಡುವೆ ಮೇಲಿನ ಸಾಲಿನ ಹಲ್ಲುಗಳು ಬಂದು ನಿಂತವು. ಕೆಳಗೆ ಏನೂ ಇಲ್ಲ.

ಅಮ್ಮ ಬೇಕರಿ ಅಜ್ಜನನ್ನು ತೆರೆದಳು. ಅವರು ಇದ್ದರು, ಒಂದೇ ಫೈಲಿನಲ್ಲಿ ಪೂರ್ತಿ. ಕಂಡಕ್ಟರನ್ನು ತೆರೆದಳು. ಮೇಲೆ ಮಾತ್ರ. ಹೊಲಿಗೆ ಅತ್ತೆ, ಮೇಲೆ ಮಾತ್ರ. ಊರಿನ ಅರ್ಧ ಜನ ಮೇಲಿನ ದವಡೆಯೊಂದರಲ್ಲೇ ನಗುತ್ತಿದ್ದರು.

"ಎರಡು ಅಂತ ಇದ್ದದ್ದೆಲ್ಲ ಎಲ್ಲಿ?" ಎಂದಳು ಅಮ್ಮ.

"ತೆಗೆದುಹಾಕಿದೆ. ನೀನೇ ಹೇಳಿದ್ದೆ."

"ಒಂದು ಅಂದ್ರೆ ಮೇಲಿನ ದವಡೆ. ಎರಡು ಅಂದ್ರೆ ಕೆಳಗಿಂದು."

ಗಿರಗಿಟ್ಲೆಯ ಕುರ್ಚಿ ತನ್ನಷ್ಟಕ್ಕೆ ನಿಂತುಬಿಟ್ಟಿತು. ಅಮ್ಮ ಬೈಯುತ್ತಾಳೆಂದು ಕಾದಳು. ಅಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಬೆರಳುಗಳ ಸಂದಿಯಿಂದ ಪರದೆ ನೋಡಿದಳು. ಅವಳ ಭುಜ ಕುಲುಕಿತು. ಅಳುತ್ತಾಳೆ ಎಂದುಕೊಂಡರೆ, ನಗುತ್ತಿದ್ದಳು.

"ತಪ್ಪು ನಂದೂ ಇದೆ ಕಣೆ," ಎಂದಳು ಕಣ್ಣೊರೆಸಿಕೊಂಡು. "ಅದು ನನ್ನ ತಲೇಲಿ ಮಾತ್ರ ಇತ್ತು. ಫೈಲಲ್ಲಿ ಬರೀಬೇಕಿತ್ತು."

ನಕ್ಕರೆ ಹಲ್ಲು ವಾಪಸ್ ಬರುವುದಿಲ್ಲವಲ್ಲ. ಅಮ್ಮ ಡಾಕ್ಟರಿಗೆ ಫೋನ್ ಮಾಡಿದಳು. ಹಳೆಯ ಗಿರಾಕಿಗಳ ಅಳತೆ ಒಂದಿಷ್ಟು ಅಲ್ಲಿತ್ತು. ಮಾಸ್ತರದು ಮಾತ್ರ ಇರಲಿಲ್ಲ. ಅವರ ಕಂಪ್ಯೂಟರೂ ತುಂಬಿತ್ತಂತೆ. ಹೇಗೂ ನಿಮ್ಮ ಹತ್ತಿರ ಇದೆಯಲ್ಲ ಎಂದು ಅವರೂ ಮಧ್ಯಾಹ್ನವೇ ಅಳಿಸಿಬಿಟ್ಟಿದ್ದರಂತೆ. ಆಸ್ಪತ್ರೆ ಏಳಕ್ಕೆ ಮುಚ್ಚುತ್ತದೆ, ನಾಳೆ ರಜ, ಏಳರೊಳಗೆ ಮಾಸ್ತರು ಬಂದರೆ ಮತ್ತೆ ಅಳತೆ ತೆಗೆಯೋಣ ಎಂದರು. ಆಗಲೇ ಆರು ಹೊಡೆದಿತ್ತು.

ಮಾಸ್ತರು ಫೋನ್ ಎತ್ತಲಿಲ್ಲ. ಹಲ್ಲು ಹೋದ ಮೇಲೆ ಮಾತಾಡಲು ನಾಚಿಕೆಯಾಗಿ ಅವರು ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ಯಾರಾದರೂ ಮನೆಗೇ ಹೋಗಬೇಕು.

"ನಾನು ಹೋಗ್ಲಾ, ನೀನು ಹೋಗ್ತೀಯಾ?" ಎಂದು ಅಮ್ಮ ಕೇಳಿದಳು.

ಬ್ಯಾಂಡ್ ಮಾಸ್ತರೆಂದರೆ ಶಾಲೆಗೆ ಶಾಲೆಯೇ ನಡುಗುತ್ತಿತ್ತು. ಒಂದು ತಾಳ ತಪ್ಪಿದರೆ ಅವರು ಹುಬ್ಬೆತ್ತುತ್ತಿದ್ದರು, ಅಷ್ಟಕ್ಕೇ ಡೋಲು ಬಡಿಯುವ ಹುಡುಗ ಕೋಲು ಬೀಳಿಸುತ್ತಿದ್ದ. ಆದರೂ ಗಿರಗಿಟ್ಲೆ ತಾನೇ ಹೋಗುತ್ತೇನೆ ಎಂದಳು.

ಎರಡು ಬೀದಿ ಓಡಿದಳು. ಓಡುತ್ತ ಓಡುತ್ತ ಹೇಳಬೇಕಾದ್ದನ್ನು ಜೋಡಿಸಿಕೊಂಡಳು. ಕರೆಂಟು ಹೋಯಿತು ಅನ್ನಬಹುದು. ವೈರಸ್ ಬಂತು ಅನ್ನಬಹುದು. ವೈರಸ್ ಚೆನ್ನಾಗಿದೆ, ದೊಡ್ಡವರು ಅದನ್ನು ನಂಬುತ್ತಾರೆ.

ಮಾಸ್ತರು ಬಾಗಿಲು ತೆರೆದರು. ಒಂದು ಕೈ ಬಾಯಿಯ ಮೇಲಿತ್ತು. ಅವಳು ಏದುಸಿರು ಬಿಡುತ್ತ, ಹಲ್ಲಿನ ಫೈಲು ಹೋಯಿತು ಸರ್, ಈಗಲೇ ಮತ್ತೆ ಅಳತೆ ಕೊಡಬೇಕು ಎಂದಳು.

"ಕಂಪ್ಯೂಟರ್ ಕೆಟ್ಟೋಯ್ತಾ?" ಎಂದರು ಮಾಸ್ತರು ಕೈಯ ಹಿಂದಿನಿಂದ.

ಹೂಂ ಅಂದರೆ ಮುಗಿಯಿತು. ಗಿರಗಿಟ್ಲೆ ಹೂಂ ಅನ್ನಲೆಂದು ಬಾಯಿ ತೆರೆದಳು. ಬಾಯಿಗೆ ಅಡ್ಡ ಹಿಡಿದ ಆ ಕೈಯನ್ನು ನೋಡಿದಳು. ತಿಂಗಳಿಡೀ ಅವರು ಹೀಗೇ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ ಎಂದು ಆಗ ಹೊಳೆಯಿತು.

"ಇಲ್ಲ ಸರ್. ನಾನು ಅಳಿಸಿಬಿಟ್ಟೆ. ಎರಡೆರಡು ಇದೆ ಅಂದ್ಕೊಂಡೆ. ನೋಡ್ಲಿಲ್ಲ."

ಮಾಸ್ತರ ಹುಬ್ಬು ಮೇಲೇರಿತು. ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಇಳಿಯಿತು. ಅವರು ಬಾಯಿಂದ ಕೈ ತೆಗೆದರು. ಕೆಳಗಿನ ಸಾಲಿನಲ್ಲಿ ಒಂದು ಬಾಗಿಲಿನಷ್ಟು ಸಂದು.

"ಒಂದ್ಸಲ ನಾನು ಬೀದೀಲಿ ಕಳ್ಕೊಂಡೆ. ಈಗ ನೀನು. ಸರಿಹೋಯ್ತು ಬಿಡು," ಎಂದು ಅವರು ಚಪ್ಪಲಿ ಹುಡುಕಿದರು.

ಸೈಕಲ್ಲಿನ ಮೇಲೆ ಅವರಿಗಿನ್ನೂ ಕೋಪ ಇಳಿದಿರಲಿಲ್ಲ. ಹಾಗಾಗಿ ಇಬ್ಬರೂ ಓಡಿದರು. ಮುಂದೆ ಗಿರಗಿಟ್ಲೆ, ಹಿಂದೆ ಪಂಚೆ ಎತ್ತಿ ಕಟ್ಟಿದ ಬ್ಯಾಂಡ್ ಮಾಸ್ತರು. ದಾರಿಯಲ್ಲಿ ಸಿಕ್ಕ ಡೋಲಿನ ಹುಡುಗ ಯಾಕೆ, ಏನು ಎಂದು ಕೇಳದೆ ತಾನೂ ಓಡಿದ. ಏಳಕ್ಕೆ ಹತ್ತು ನಿಮಿಷವಿದ್ದಾಗ ಮೂವರೂ ಆಸ್ಪತ್ರೆಯ ಬಾಗಿಲಿಗೆ ಬಂದು ಬಿದ್ದರು.

ಡಾಕ್ಟರು ಮಾಸ್ತರ ಬಾಯಿಯೊಳಗೆ ಕ್ಯಾಮೆರಾ ಆಡಿಸಿದರು. ಪರದೆಯ ಮೇಲೆ ದವಡೆ ಒಂದೊಂದೇ ಹಲ್ಲಾಗಿ ಮೂಡಿತು. ಒಂದು ಹಲ್ಲಿನ ತುದಿ ಚೂರು ಮುರಿದಿತ್ತು. ಇನ್ನೊಂದು ಸ್ವಲ್ಪ ಓರೆ ನಿಂತಿತ್ತು. ಗಿರಗಿಟ್ಲೆ ಅಲ್ಲಾಡದೆ ನೋಡಿದಳು. ಅವಳು ಬರೀ 2 ಎಂದುಕೊಂಡು ಅಳಿಸಿದ್ದು ಇದನ್ನೇ.

ಶುಕ್ರವಾರ ಪೂರ್ತಿ ಅಮ್ಮ ಕುರ್ಚಿ ಬಿಟ್ಟೇಳಲಿಲ್ಲ. ಸಂಜೆ ಮಷೀನು ಗುಂಯ್ ಎಂದಿತು. ಶನಿವಾರ ಬೆಳಿಗ್ಗೆ ಡಾಕ್ಟರು ಹಲ್ಲು ಕೂರಿಸಿದರು. ಸ್ಪರ್ಧೆಯ ಮೈದಾನದಲ್ಲಿ ಮಾಸ್ತರು ಟ್ರಂಪೆಟ್ ತುಟಿಗಿಟ್ಟರು. ಮೊದಲ ಸ್ವರ ಪುಸ್ ಎಂದು ಗಾಳಿಯಾಯಿತು. ಗಿರಗಿಟ್ಲೆಯ ಜೀವ ಬಾಯಿಗೆ ಬಂತು. ಎರಡನೆಯದು ಮೈದಾನದ ಆಚೆಯವರೆಗೂ ಹೋಗಿ ಮುಟ್ಟಿತು. ಖುಷಿಯ ಭರದಲ್ಲಿ ಅವಳು ತಟ್ಟೆಗಳನ್ನು ಒಂದು ತಾಳ ಮೊದಲೇ ಝಣ್ ಎನಿಸಿದಳು. ಅವರ ಬ್ಯಾಂಡಿಗೆ ಮೂರನೆಯ ಬಹುಮಾನ ಬಂತು. ಆ ಒಂದು ತಾಳ ಇಲ್ಲದಿದ್ದರೆ ಎರಡನೆಯದು ಬರುತ್ತಿತ್ತು ಎಂದು ಡೋಲಿನ ಹುಡುಗ ಈಗಲೂ ಹೇಳುತ್ತಾನೆ.

ಭಾನುವಾರ ಅಮ್ಮ ಪುಸ್ತಕದಷ್ಟೇ ಗಾತ್ರದ ಎರಡು ಹಾರ್ಡ್ ಡಿಸ್ಕ್ ತಂದಳು. ಈಗಿನ ಕೆಲಸ ಕಂಪ್ಯೂಟರಿನಲ್ಲಿ, ಹಳೆಯದೆಲ್ಲ ಡಿಸ್ಕಿನಲ್ಲಿ, ಇನ್ನೊಂದು ಡಿಸ್ಕಿನಲ್ಲಿ ಅದರದೇ ಪ್ರತಿ, ಅದು ಚಿಕ್ಕಮ್ಮನ ಮನೆಯಲ್ಲಿ. ಬೀರುವಿನಂಥ ಪೆಟ್ಟಿಗೆ ಬೇಕಾಗಲಿಲ್ಲ. ಗಿರಗಿಟ್ಲೆ ಪ್ರತಿ ಫೈಲಿಗೂ ಮೇಲಿನ ದವಡೆ, ಕೆಳಗಿನ ದವಡೆ ಎಂದು ಟೈಪ್ ಮಾಡಿದಳು. ಕಾಣೆಯಾದ ಕೆಳಗಿನ ದವಡೆಗಳ ಪಟ್ಟಿಯನ್ನೂ ಬರೆದಳು. ಅದು ಎರಡು ಪುಟ ಆಯಿತು.

ನಡುವೆ ಬರೀ ತಾತ ಎಂದು ಹೆಸರಿದ್ದ ಒಂದು ಬಹಳ ಹಳೆಯ ಫೈಲು ಬಂತು, ಎರಡೂ ದವಡೆ ಒಂದರಲ್ಲೇ ಇದ್ದದ್ದು. ಐದು ವರ್ಷದಿಂದ ಯಾರೂ ತೆರೆದಿರಲಿಲ್ಲ. ಇದು ಬೇಡವೇನೋ, ಅಳಿಸಿಬಿಡು ಎಂದಳು ಅಮ್ಮ, ಇನ್ನೇನೋ ಕೆಲಸ ಮಾಡುತ್ತ. ಗಿರಗಿಟ್ಲೆಯ ಬೆರಳು ಬಟನ್ನಿನ ಮೇಲೆ ಹೋಗಿ ನಿಂತಿತು.

"ಅಮ್ಮಾ, ಇವರು ಯಾರು?"

"ಅಂಚೆ ಕಚೇರೀಲಿ ಇದ್ರಲ್ಲ, ಆ ತಾತ."

"ಈಗೆಲ್ಲಿದ್ದಾರೆ?"

"ಇಲ್ಲೇ ಇದ್ದಾರೆ. ದಿನಾ ಪಾರ್ಕಲ್ಲಿ ಕೂತು ಕಡಲೆಕಾಯಿ ತಿಂತಾರೆ."

"ಹಾಗಾದ್ರೆ ಇರಲಿ," ಎಂದು ಗಿರಗಿಟ್ಲೆ ತಾತನ ಎರಡೂ ದವಡೆಗಳನ್ನು ಜೋಪಾನವಾಗಿ ಡಿಸ್ಕಿನೊಳಗೆ ಇಟ್ಟಳು.