ಗಡಿಕಲ್ಲಿನ ಹಸಿ ಕುಂಕುಮ

ಬೆಳಿಗ್ಗೆ ಸಮನ್ವಿತಾ ಹಿತ್ತಲ ಬಾಗಿಲು ತೆರೆದಾಗ ಗಡಿಕಲ್ಲು ಇದ್ದ ಜಾಗದಲ್ಲಿ ಇರಲಿಲ್ಲ. ನಾಲ್ಕು ಅಡಿ ಒಳಗೆ ಬಂದು ನಿಂತಿತ್ತು. ಆ ಲೆಕ್ಕದಲ್ಲಿ, ಹನ್ನೊಂದು ವರ್ಷದಿಂದ ಅವರು ಇಂಗ್ಲಿಷ್-ಕನ್ನಡ ನಿಘಂಟು ಬರೆಯುತ್ತಿದ್ದ ಕೋಣೆಯ ಅರ್ಧ ಭಾಗ ಪಕ್ಕದ ಮನೆಯದಾಗುತ್ತಿತ್ತು. ಅವತ್ತೇ ಮಧ್ಯಾಹ್ನ ಸರ್ವೆಯವರು ಅಳತೆಗೆ ಬರುವವರಿದ್ದರು.

ಸಬ್‌ಇನ್‌ಸ್ಪೆಕ್ಟರ್ ಆದ ನಾನು, ಶಿವಶಂಕರ್, ಸಮನ್ವಿತಾ ಅವರ ಫೋನ್ ಬಂದು ಯಾದವಗಿರಿಯ ಆ ಮನೆ ತಲುಪಿದಾಗ, ಅವರು ನಿಘಂಟಿನ ಚೀಟಿ ಹಿಡಿದೇ ಸಿಟ್ಟಿನಿಂದ ಗೇಟಿಗೆ ಬಂದರು.

"‘ಎನ್‌ಕ್ರೋಚ್’ ಅನ್ನೋ ಪದ ಬರೀತಿದ್ದೆ ಸಾರ್. ಹಳೇ ಫ್ರೆಂಚಿಂದ ಬಂದಿದ್ದು. ಮೂಲದಲ್ಲಿ ಕೊಕ್ಕೆ ಹಾಕಿ ಎಳ್ಕೊಳ್ಳೋದು. ಆಮೇಲೆ, ಇನ್ನೊಬ್ಬರ ಜಾಗದೊಳಕ್ಕೆ ಸ್ವಲ್ಪ ಸ್ವಲ್ಪವಾಗಿ ನುಗ್ಗೋದು ಅಂತಾಯ್ತು. ಉದಾಹರಣೆ ವಾಕ್ಯ ಒಂದೇ ಬಾಕಿ."

"ನಾವು ಒತ್ತುವರಿ ಅಂತ ಬರೀತೀವಿ. ಬರೆದು ಬರೆದು ಸಾಕಾಗಿದೆ," ಎಂದೆ.

*

ಹಿಂದಿನ ದಿನ ಗಡಿಯುದ್ದಕ್ಕೂ ಪೈಪಿನ ಗುಂಡಿ ಮುಚ್ಚಿದವನು ಕೂಲಿಯಾಳು ಮೂಗಯ್ಯ. ಆ ಹೊಸ ಮಣ್ಣಿನಲ್ಲಿ ಕಲ್ಲಿದ್ದ ಹಳೇ ಜಾಗದ ಗುರುತೇ ಉಳಿದಿರಲಿಲ್ಲ. ಅವನನ್ನೇ ಕರೆಸಿ ಗದರಿಸಿದೆ.

"ಕಲ್ಲು ಮುಟ್ಟಿಲ್ಲ ಸಾಮಿ. ಮಣ್ಣು ಎಳ್ದು ಐದು ಗಂಟೆಗೆ ಒಂಟೋದೆ. ಆಗ ಕಲ್ಲು ಮೊದ್ಲಿದ್ದ ಕಡೆನೇ ಇತ್ತು."

ಅಷ್ಟರಲ್ಲಿ ಪಕ್ಕದ ಮನೆಯ ಪ್ರದ್ಯುಮ್ನ ಬಂದರು. ಎರಡು ಕಾರು ಇಟ್ಟುಕೊಂಡವರು. ಮೂರನೆಯದಕ್ಕೆ ಜಾಗ ಸಾಲದೆಂದು ಬೀದಿಗೆಲ್ಲ ಹೇಳಿಕೊಂಡು ತಿರುಗಿದವರು.

"ಕೂಲಿಯವನ ಮಾತು ನಂಬ್ತೀರಾ ಸಾರ್? ಕಲ್ಲು ಮೊದಲಿಂದ್ಲೂ ಇಲ್ಲೇ ಇದೆ. ಅರಿಶಿನ ಕುಂಕುಮ ನೋಡಿ. ಬೆಳಿಗ್ಗೆ ಈಯಮ್ಮನೇ ಪೂಜೆ ಮಾಡಿದ್ದನ್ನ ಕಣ್ಣಾರೆ ನೋಡಿದೀನಿ."

ಕುಂಕುಮ ಮುಟ್ಟಿದೆ. ಇನ್ನೂ ಹಸಿಯಿತ್ತು.

"ನೀವು ಪೂಜೆ ಮಾಡಿದ್ರಾ ಅಮ್ಮ?"

"ನಂಜನಗೂಡಲ್ಲಿ ನಮ್ಮ ಯಜಮಾನರ ದೊಡ್ಡಪ್ಪ ಹೋಗಿ ಇವತ್ತಿಗೆ ಎಂಟು ದಿನ ಸಾರ್. ನಮಗೆ ಸೂತಕ. ದೇವರಮನೆ ಬಾಗಿಲೇ ತೆಗೆದಿಲ್ಲ."

*

ನನ್ನ ಪಿತ್ತ ನೆತ್ತಿಗೇರಿತು. ಪ್ರದ್ಯುಮ್ನರ ಕಡೆ ತಿರುಗಿದೆ.

"ಎಂಟು ದಿನದಲ್ಲಿ ಒಂದು ಸಲ ಪಕ್ಕದ ಮನೆಯವರನ್ನ ಮಾತಾಡಿಸಿದ್ರೆ ಈ ಸುಳ್ಳು ಹೇಳ್ತಿರಲಿಲ್ಲ ನೀವು! ಮೂಗಯ್ಯ ಹೋದ ಮೇಲೆ ಕಲ್ಲು ಕಿತ್ತು ಇಲ್ಲಿ ನೆಟ್ರಿ. ಗಡಿಕಲ್ಲು ಕಿತ್ತರೆ ಮನೆಗೆ ಕೇಡು ಅಂತ ಹೆದರಿಕೊಂಡು ಬೆಳಿಗ್ಗೆ ಪೂಜೆನೂ ಮಾಡಿದ್ರಿ. ಕಳ್ಳತನಕ್ಕೆ ನಾಚಿಕೆಯಿಲ್ಲ, ಕಲ್ಲಿಗೆ ಮಾತ್ರ ಭಯ!"

ಪ್ರದ್ಯುಮ್ನ ಬಾಯಿ ತೆರೆಯುವ ಮೊದಲೇ ಕಾಂಪೌಂಡಿನಾಚೆಯಿಂದ ಅವರ ಹೆಂಡತಿ ಶಾಲಿನಿ ಕೂಗಿದರು: "ಬೇಡ ಅಂತ ಬಡ್ಕೊಂಡೆ ಕಣ್ರೀ! ಕುಂಕುಮದ ಬಟ್ಟಲು ತಗೊಂಡೋಗಿದ್ದು ಇವ್ರೇ!"

ಪ್ರದ್ಯುಮ್ನ ಕಲ್ಲಿನ ಮೇಲಿನ ಕುಂಕುಮವನ್ನು ಅಂಗೈಯಿಂದ ಒರೆಸತೊಡಗಿದರು.

ಮಧ್ಯಾಹ್ನ ಸರ್ವೆಯವರ ಅಳತೆಯಂತೆ ಕಲ್ಲು ಹಳೇ ಜಾಗಕ್ಕೆ ಮರಳಿತು. ಸಮನ್ವಿತಾ ನಿಂತಲ್ಲೇ ಚೀಟಿಯ ಮೇಲೆ ಬಾಕಿಯಿದ್ದ ಉದಾಹರಣೆ ವಾಕ್ಯ ಬರೆದು ನನಗೆ ತೋರಿಸಿದರು: ‘ಸೂತಕದ ಮನೆಯ ನೆಲಕ್ಕೆ ನೆರೆಯವನು ಕೊಕ್ಕೆ ಹಾಕಿದ.’

"ನೆರೆಯವನ ಹೆಸರು ಹಾಕಲ್ವಾ?" ಎಂದೆ.

"ನನ್ನ ನಿಘಂಟಲ್ಲೂ ಅವರಿಗೆ ಜಾಗ ಕೊಡ್ಬೇಕಾ ಸಾರ್?"